ಚಾ ಪೆಟ್ಟಿಗೆಯೊಳಗಿನ ಹಾಸಿಗೆ

ಹಾಸಿಗೆಯ ವಿಷಯದಲ್ಲಿ ದಯವಿಟ್ಟು ನನಗೆ ಯಾರೂ ಬುದ್ಧಿ ಹೇಳಬೇಡಿ. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಬಗಲಲ್ಲಿ ಕೊಡೆ, ಹೆಗಲ ಮೇಲೆ ಗೋಣಿಚೀಲ ಹೊತ್ತು ಮಲ್ಪೆ, ಕಾರ್ಕಳ, ಕಾಪು ಅಂತ ಬಸ್ಸು ಹತ್ತಿ ಇಳಿದು ನಾನು ಕೇಳಿಸಿಕೊಂಡಷ್ಟು ಬುದ್ಧಿಮಾತನ್ನು ಈ ಜಿಲ್ಲೆಯಲ್ಲಿ ಇನ್ನೊಬ್ಬ ಕೇಳಿಸಿಕೊಂಡಿರಲಾರ. ಅದೂ ಯಾರ ಹಾಸಿಗೆಗಾಗಿ? ಬಾಣಂತಿಗಲ್ಲ, ಮದುಮಕ್ಕಳಿಗಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಬಾಲವಿಲ್ಲದ, ದಿನವಿಡೀ ತಿನ್ನುವ, ತಿಂದದ್ದನ್ನು ಆಗಿಂದಾಗಲೇ ಹೊರಗೆ ಹಾಕುವ ಎರಡು ಗಿನಿಪಿಗ್ಗುಗಳಿಗಾಗಿ.

ಆಗ ನಾವು ಉಡುಪಿಯ ಬನ್ನಂಜೆಯಲ್ಲಿ ಬಾಡಿಗೆಗೆ ಇದ್ದೆವು. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ನನ್ನ ಕೆಲಸ ಮಣಿಪಾಲದ ಒಂದು ಮುದ್ರಣಾಲಯದಲ್ಲಿ. ಪುಸ್ತಕ ಹೊಲಿದು, ಅಂಟಿಸಿ, ಅಂಚು ಕತ್ತರಿಸುವ ಬೈಂಡಿಂಗ್ ವಿಭಾಗಕ್ಕೆ ನಾನೇ ಮೇಲ್ವಿಚಾರಕ. ಶಿಸ್ತಿನ ಮನುಷ್ಯ ಎಂದು ಹೆಸರು. ಬೆನ್ನ ಹಿಂದೆ ಬೇರೆ ಹೆಸರೂ ಇತ್ತು, ಅದು ಇಲ್ಲಿ ಬೇಡ.

ಗಿನಿಪಿಗ್ಗುಗಳನ್ನು ತಂದವರು ನನ್ನ ಭಾವ, ಎಂದರೆ ಹೆಂಡತಿಯ ಅಣ್ಣ. ಮಣಿಪಾಲದಲ್ಲೇ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಪ್ರಾಣಿಗಳಿಗೆ ಮೇವು ನೀರು ಕೊಡುವ ಕೆಲಸ ಅವರದು. ಎರಡು ಮರಿಗಳು ತೂಕ ಸಾಲದೆ ಬೇಡವಾಗಿ ಉಳಿದಿದ್ದವಂತೆ. ದೊಡ್ಡ ಡಾಕ್ಟರರನ್ನು ಕೇಳಿ, ಬೆತ್ತದ ಬುಟ್ಟಿಯಲ್ಲಿಟ್ಟು, ಸೊಸೆಗೆಂದು, ಎಂದರೆ ನನ್ನ ಮಗಳಿಗೆಂದು, ತಂದುಬಿಟ್ಟರು. ಒಂದು ಕೆಂಚು, ಒಂದು ಕಪ್ಪು. ನನ್ನನ್ನು ಒಂದು ಮಾತು ಕೇಳಬೇಕೆಂದು ಅಣ್ಣನಿಗೂ ಅನಿಸಲಿಲ್ಲ, ತಂಗಿಗೂ ಅನಿಸಲಿಲ್ಲ.

"ಹುಷಾರಿಲ್ಲದೆ ಆದ್ರೆ ಎಲ್ಲಿಯಾದ್ರೂ ಬಿಡ್ಬೇಡ ಮಗಾ. ನಂಗೆ ವಾಪಸ್ ಕೊಡು," ಎಂದರು ಭಾವ.

"ವಾಪಸ್ ಕೊಟ್ರೆ ಅಲ್ಲಿ ಎಂತ ಮಾಡ್ತಾರೆ ಮಾವ?"

ಭಾವ ಸುಳ್ಳು ಹೇಳಲು ಬಾರದ ಮನುಷ್ಯ. ಚಾದ ಲೋಟ ಎತ್ತಿಕೊಂಡು ಅಂಗಳದ ಕಡೆ ನೋಡಿದರು. "ಅಲ್ಲಿ... ಕೆಲಸಕ್ಕೆ ಬೇಕಾಗ್ತದೆ," ಎಂದರು. ಮಗಳು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳಿಗೆ ಅರ್ಥವಾಗಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ವಾಪಸ್ ಎಂಬ ಮಾತನ್ನು ಅವಳ ಎದುರು ಯಾರೂ ಆಡುವ ಹಾಗಿರಲಿಲ್ಲ. ಅಂಗಡಿಗೆ ಕೊಟ್ಟ ಬಾಟ್ಲಿ ವಾಪಸ್ ತರಬೇಕೆಂದರೂ ಹುಡುಗಿಯ ಮುಖ ಸಣ್ಣದಾಗುತ್ತಿತ್ತು.

ಒಂದು ಹಳೆಯ ಚಾ ಪೆಟ್ಟಿಗೆಯನ್ನು, ಎಂದರೆ ಅಂಗಡಿಗೆ ಚಾಹುಡಿ ತುಂಬಿ ಬರುವ ಹಲಗೆಯ ಪೆಟ್ಟಿಗೆಯನ್ನು, ಅಡ್ಡಹಾಕಿ, ಮುಂದೆ ಕಂಬಿಯ ಬಲೆ ಹೊಡೆದೆ. ಒಳಗೆ ಏನು ಹಾಸುವುದೆಂದು ಭಾವನನ್ನು ಕೇಳಿದೆ. "ಅಲ್ಲಿ ಬರೀ ಕಂಬಿಯ ಮೇಲೆ ಇರ್ತಾವೆ ಭಾವ, ಕಾಲಡಿ ಹುಣ್ಣಾಗ್ತದೆ. ಮನೆಯಲ್ಲಿ ಮೆತ್ತಗೆ ಎಂತಾದ್ರೂ ಹಾಕಿ. ಒಣಗಿ ಇರ್ಬೇಕು, ಅಷ್ಟೇ."

ಅಷ್ಟೇ! ಜೂನ್ ತಿಂಗಳಲ್ಲಿ, ಉಡುಪಿಯಲ್ಲಿ, ಒಣಗಿ ಇರಬೇಕಂತೆ! ಬೆಂಕಿಕಡ್ಡಿ ಹತ್ತದ, ಉಪ್ಪಿನ ಭರಣಿಯಲ್ಲಿ ನೀರೇ ನಿಲ್ಲುವ, ಬನಿಯನ್ನನ್ನು ಮೂರು ದಿನ ಒಲೆಯ ಮೇಲಿನ ಕೋಲಿಗೆ ನೇತುಹಾಕಿದರೂ ನಾಲ್ಕನೆಯ ದಿನ ತಣ್ಣಗೆ ಬೆನ್ನಿಗೆ ಅಂಟುವ ಕಾಲದಲ್ಲಿ. ಮನುಷ್ಯರೇ ಒಣಗಿರದ ಊರಿನಲ್ಲಿ ಇವಕ್ಕೆ ಒಣ ಹಾಸಿಗೆಯನ್ನು ನಾನು ಎಲ್ಲಿಂದ ತರಲಿ?

ಆಗ ಹೆಂಡತಿ ಒಂದು ಮಾತು ಹೇಳಿದಳು. ಅವಳು ನನ್ನ ಪ್ಯಾಂಟು ಕೊಡವುತ್ತಿದ್ದಳು. ಆ ಕಾಲದ ಪ್ಯಾಂಟಿನ ಕಾಲಿಗೆ ಹೊರಗೆ ಒಂದು ಮಡಿಕೆ ಇರುತ್ತಿತ್ತು. ಕತ್ತರಿಸುವ ಯಂತ್ರದಿಂದ ಹಾರುವ ಕಾಗದದ ಎಳೆಗಳು ದಿನಾ ಅದರೊಳಗೆ ಸೇರಿಕೊಂಡು ಮನೆಗೆ ಬರುತ್ತಿದ್ದವು. ಬಿಳಿ ಶ್ಯಾವಿಗೆಯ ಹಾಗೆ ಸಪೂರ, ಮೆತ್ತಗಿನ ಎಳೆಗಳು.

"ಇದೇ ಒಂದು ಚೀಲ ತಂದ್ರೆ ಆಗುದಿಲ್ವಾ? ನಿಮ್ಮಲ್ಲಿ ರಾಶಿ ಬಿದ್ದಿರ್ತದಲ್ಲ."

"ಪ್ರೆಸ್ಸಿನದ್ದು ಪ್ರೆಸ್ಸಿಗೆ," ಎಂದು ನಾನು ಗದರಿದೆ. "ಅಲ್ಲಿಂದ ಒಂದು ಗುಂಡುಸೂಜಿ ಈ ಮನೆಗೆ ಬಂದದ್ದು ಉಂಟಾ? ಇನ್ನು ಆ ಮಾತು ಎತ್ತಬೇಡ ಮಾರಾಯ್ತಿ."

ಅವಳು ಎತ್ತಲಿಲ್ಲ. ಎತ್ತಬೇಡ ಎಂದದ್ದಕ್ಕೆ ಕಾರಣ ಬೇರೆಯೇ ಇತ್ತು, ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. ಹಿಂದಿನ ಡಿಸೆಂಬರಿನಲ್ಲಿ ನಮ್ಮ ವಿಭಾಗದ ಒಬ್ಬ ಹಿರಿಯ ಬೈಂಡರ್, ನನಗಿಂತ ಹತ್ತು ವರ್ಷ ದೊಡ್ಡವರು, ಕೊಂಕಣಿ ಕ್ರೈಸ್ತರು, ಸಂಜೆ ಮನೆಗೆ ಹೊರಡುವಾಗ ಒಂದು ಕೈಚೀಲದಲ್ಲಿ ಅದೇ ಕಾಗದದ ಎಳೆ ತುಂಬಿಕೊಂಡಿದ್ದರು. ಕ್ರಿಸ್ಮಸ್ಸಿಗೆ ಮನೆಯಲ್ಲಿ ಕಟ್ಟುವ ಗೋದಲಿಯಲ್ಲಿ ಬಾಲಯೇಸುವಿನ ಕೆಳಗೆ ಹಾಸಲಿಕ್ಕೆ ಎಂದರು. ನಾನು ಗೇಟಿನಲ್ಲಿ, ನಲವತ್ತು ಜನರ ಎದುರು, ಚೀಲ ಬಿಚ್ಚಿಸಿದೆ. ಕೇಳದೆ ತೆಗೆದುಕೊಂಡದ್ದು ಕೇಳದೆ ತೆಗೆದುಕೊಂಡದ್ದೇ ಎಂದು ಭಾಷಣ ಬಿಗಿದೆ. ಅವರು ಒಳಗೆ ಹೋಗಿ ರಾಶಿಯ ಮೇಲೆ ಸುರಿದು, ಖಾಲಿ ಚೀಲ ಮಡಚಿಕೊಂಡು ಬಸ್ಸಿಗೆ ಹೋದರು. ಅಂಥ ನಾನು ಈಗ ಇಲಿಯಂಥ ಪ್ರಾಣಿಗೆ ಹಾಸಲಿಕ್ಕೆ ಒಂದು ಚೀಲ ಕೊಡಿ ಎಂದು ಯಾವ ಮುಖ ಹೊತ್ತು ಕೇಳಲಿ? ಸಾಯುವವರೆಗೆ ಕೇಳಲಾರೆ ಎಂದುಕೊಂಡೆ.

ಹೀಗೆ ಶುರುವಾಯಿತು ನನ್ನ ಗ್ರಹಚಾರ. ಮೊದಲು ಹಳೆಯ ಪೇಪರು ಹಾಸಿದೆವು. ಸಂಜೆಗೆ ಅದು ನೆಂದು ಅಂಬಲಿಯಾಗಿ, ಶಾಯಿ ಬಿಟ್ಟು, ಕೆಂಚಿನದರ ಹೊಟ್ಟೆ ಕಪ್ಪಾಯಿತು. ಗೋಣಿ ಹಾಸಿದೆವು. ಅದರ ನೂಲು ಕಪ್ಪಿನದರ ಹಿಂಗಾಲಿಗೆ ಸುತ್ತಿಕೊಂಡು, ಬೆರಳು ಬಾತು, ಮಗಳು ಅತ್ತು, ನಾನು ಗಡ್ಡ ಹೆರೆಯುವ ಬ್ಲೇಡು ಹಿಡಿದು ಅರ್ಧ ಗಂಟೆ ನೆಲದ ಮೇಲೆ ಕೂತು ನೂಲು ಬಿಡಿಸಿದೆ. ಆಫೀಸಿಗೆ ತಡವಾಯಿತು. ತಡವಾಗಿ ಬರುವವರನ್ನು ನಿಲ್ಲಿಸಿ ಕೇಳುವವನು ನಾನೇ ಆದ್ದರಿಂದ ಅವತ್ತು ಯಾರೂ ಕೇಳಲಿಲ್ಲ, ಎಲ್ಲರೂ ಗಡಿಯಾರ ಮಾತ್ರ ನೋಡಿದರು.

ಪಕ್ಕದ ಮನೆಯವರಿಗೆ ಮಲ್ಪೆಯಲ್ಲಿ ಮೀನಿನ ಲಾರಿಯ ವ್ಯವಹಾರ. ಅವರು ಬೇಲಿಯ ಆಚೆಯಿಂದಲೇ ಬುದ್ಧಿ ಹೇಳಿದರು: "ಮರದ ಹುಡಿ ಹಾಕಿ ಮಾರಾಯ್ರೆ! ನೀರು ಕುಡಿಯುದ್ರಲ್ಲಿ ಅದಕ್ಕೆ ಸಮ ಇಲ್ಲ. ನಮ್ಮ ಐಸ್ ಪ್ಲಾಂಟಲ್ಲಿ ಬೇಕಾದಷ್ಟು ಉಂಟು." ಮಂಜುಗಡ್ಡೆ ಕರಗದ ಹಾಗೆ ಮೇಲೆ ಮುಚ್ಚುವ ಹುಡಿ ಅದು. ಭಾನುವಾರ ಬೆಳಿಗ್ಗೆ ಮಲ್ಪೆಗೆ ಹೋಗಿ ಒಂದು ಚೀಲ ತಂದೆ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರದಿದ್ದಾಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಒಲೆಯ ಹತ್ತಿರ ಹರಡಿ ಒಣಗಿಸಿದೆವು, ಆಗ ಮನೆಯಿಡೀ ಬಂಗುಡೆ ಮೀನಿನ ವಾಸನೆ. ಪೆಟ್ಟಿಗೆಗೆ ಹಾಕಿದ ಒಂದು ಗಂಟೆಯೊಳಗೆ ಬನ್ನಂಜೆಯ ಬೆಕ್ಕುಗಳೆಲ್ಲ ನಮ್ಮ ಜಗಲಿಯಲ್ಲಿ ಸಭೆ ಸೇರಿದವು. ಒಂದು ಗಂಡು ಬೆಕ್ಕಂತೂ ಬಲೆಗೆ ಮೂಗು ಒತ್ತಿ, ನಾನು ಕೊಡೆಯಿಂದ ತಿವಿದರೂ ಕದಲದೆ ನನ್ನನ್ನೇ ಗುರುಗುಟ್ಟಿ ನೋಡಿತು. ಒಳಗೆ ಎರಡೂ ಒಂದರ ಮೇಲೊಂದು ಹತ್ತಿ ನಡುಗುತ್ತಿದ್ದವು. ಎಲ್ಲವನ್ನೂ ತೆಂಗಿನ ಬುಡಕ್ಕೆ ಸುರಿದೆ. ಆ ಹುಡಿಯ ದೂಳಿಗೆ ಎರಡಕ್ಕೂ ಸೀನು ಹಿಡಿದದ್ದು ಮಾತ್ರ ಹೋಗಲಿಲ್ಲ.

ಗಿನಿಪಿಗ್ಗು ಸೀನುವುದನ್ನು ನೀವು ಕೇಳಿರಲಿಕ್ಕಿಲ್ಲ. ಸಣ್ಣ ಶಬ್ದ, ಯಾರೋ ತುಟಿ ಮುಚ್ಚಿಕೊಂಡು ನಕ್ಕ ಹಾಗೆ. ಪ್ರತಿ ಸೀನಿಗೂ ಮಗಳು ಪುಸ್ತಕದಿಂದ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ನಾನು ಸೀನಿದರೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ, ಅದು ಬೇರೆ ಮಾತು.

ಕಾರ್ಕಳದಲ್ಲಿ ನನ್ನ ಅಕ್ಕ. ಅವಳ ಮನೆಯ ಎದುರೇ ಅಕ್ಕಿಯ ಮಿಲ್ಲು. "ಉಮಿ ಕೊಂಡುಹೋಗು ಮಾರಾಯ, ಗುಡ್ಡೆಯಷ್ಟು ಬಿದ್ದಿದೆ, ಕೇಳುವವರಿಲ್ಲ," ಎಂದು ಕಾಗದ ಬರೆದಳು. ಹೋದೆ. ಭತ್ತದ ಉಮಿ ತುಂಬಿದ ಗೋಣಿ ಹಗುರ, ಆದರೆ ನನ್ನಷ್ಟೇ ಎತ್ತರ. ಕಂಡಕ್ಟರ್ ಅದನ್ನು ಒಳಗೆ ಬಿಡುವುದಿಲ್ಲವೆಂದ, ಮೇಲೆ ಹಾಕಿದರೆ ಮಳೆ. "ಒಳಗೆ ಎಂತ ಉಂಟು?" ಎಂದ. ಉಮಿ ಎಂದೆ. "ಯಾರಿಗೆ?" ಎಂದ. ಹೇಳಿದೆ. ಆಮೇಲೆ ಉಡುಪಿ ಬರುವವರೆಗೆ ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಒಬ್ಬರು ಅದರ ಮಾಂಸ ತಿನ್ನುತ್ತಾರಾ ಎಂದು ಕೇಳಿದರು, ಇನ್ನೊಬ್ಬರು ಮಗಳಿಗೆ ಮೊಲ ತೆಗೆದುಕೊಡಬಾರದಿತ್ತಾ ಎಂದರು. ಮೈ ಉರಿದುಹೋಯಿತು. ಅಷ್ಟು ಕಷ್ಟಪಟ್ಟು ತಂದ ಉಮಿ ಎರಡೇ ದಿನದಲ್ಲಿ ಕೆಂಚಿನದರ ಕಣ್ಣಿಗೆ ಚುಚ್ಚಿ, ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಹೆಂಡತಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಒರೆಸಿದಳು. ಒರೆಸುತ್ತಾ ನನ್ನ ಪ್ಯಾಂಟಿನ ಮಡಿಕೆಯ ಕಡೆ ಒಮ್ಮೆ ನೋಡಿದಳು. ಮಾತು ಎತ್ತಲಿಲ್ಲ.

ಇನ್ನು ಉಳಿದದ್ದು ಕಾಪುವಿನಲ್ಲಿದ್ದ ನನ್ನ ಅಮ್ಮ. ಅವಳು ಕೇಳಿದ ಕೂಡಲೇ ನಕ್ಕುಬಿಟ್ಟಳು. "ಇಡೀ ಊರು ಸುತ್ತಿದಿಯಲ್ಲ, ಮೊದಲೇ ಇಲ್ಲಿಗೆ ಬರ್ಲಿಕ್ಕೆ ಎಂತ ಆಗಿತ್ತು ನಿಂಗೆ?" ಅಟ್ಟದಿಂದ ಒಂದು ಅಕ್ಕಿಮುಡಿ ಇಳಿಸಿ ಅಕ್ಕಿಯನ್ನು ಡಬ್ಬಕ್ಕೆ ಸುರಿದದ್ದು ಆ ವಾರವೇ. ಬೈಹುಲ್ಲನ್ನು ಹಾಸಿ, ಒಳಗೆ ಅಕ್ಕಿ ತುಂಬಿ, ಹುಲ್ಲಿನದೇ ಹಗ್ಗ ಬಿಗಿದು ಕುಂಬಳಕಾಯಿಯ ಹಾಗೆ ಗುಂಡಗೆ ಕಟ್ಟುವುದು ಮುಡಿ. ಗೋಣಿಚೀಲ ಬಂದಮೇಲೂ ಅಮ್ಮ ಮುಡಿ ಬಿಟ್ಟಿರಲಿಲ್ಲ. ಬಿಚ್ಚಿದ ಮುಡಿಯ ಹುಲ್ಲು ಹೊಂಬಣ್ಣವಾಗಿ, ಒಲೆಯ ಹೊಗೆಗೆ ಒಣಗಿ, ಹಿಡಿದರೆ ಸರಸರ ಎನ್ನುತ್ತಿತ್ತು. "ವರ್ಷಗಟ್ಟಲೆ ಅಕ್ಕಿಯೇ ಹಾಳಾಗುದಿಲ್ಲ ಇದ್ರಲ್ಲಿ. ನಿನ್ನ ಇಲಿ ಹಾಳಾಗ್ತದಾ?" ಎಂದಳು.

ಇದಕ್ಕಿಂತ ಒಳ್ಳೆಯ ಹಾಸಿಗೆ ಈ ಭೂಮಿಯ ಮೇಲೆ ಇಲ್ಲವೆಂದು ನನಗೂ ಅನಿಸಿತು. ಮನೆಗೆ ತಂದು ಹಾಸಿದಾಗ ಮೊದಲ ಸಲ ಎರಡೂ ಖುಷಿಯಿಂದ ಕುಪ್ಪಳಿಸಿದವು. ಕೆಂಚಿನದು ಹುಲ್ಲಿನ ಎಳೆಯೊಂದನ್ನು ತುದಿಯಿಂದ ಹಿಡಿದು, ಕಟಕಟ ಎಂದು ಪೂರ್ತಿ ಒಳಗೆ ಎಳೆದುಕೊಂಡಿತು. ಮತ್ತೊಂದು. ಮಗಳು ಚಪ್ಪಾಳೆ ತಟ್ಟಿದಳು. ನಾನು ಹೆಂಡತಿಯ ಕಡೆ ನೋಡಿ, "ಈಗೇನು ಹೇಳ್ತೀ?" ಎಂದು ಹುಬ್ಬು ಹಾರಿಸಿದೆ.

ಮೂರನೆಯ ದಿನ ಬೆಳಿಗ್ಗೆ ಕೆಂಚಿನದು ಪೆಟ್ಟಿಗೆಯ ಮೂಲೆಯಲ್ಲಿ ಕಾಲು ಚಾಚಿ ಸತ್ತುಬಿದ್ದಿತ್ತು. ಕಪ್ಪಿನದು ಹುಲ್ಲು ಅಷ್ಟಾಗಿ ತಿಂದಿರಲಿಲ್ಲ, ಅದು ಬದುಕಿತು. ಹೆಂಡತಿ ಹುಲ್ಲನ್ನು ಮೂಗಿನ ಹತ್ತಿರ ಹಿಡಿದು, "ಎಂತದೋ ಮದ್ದಿನ ವಾಸನೆ," ಎಂದಳು.

ನಾನು ಸಿಟ್ಟಿನಲ್ಲಿ ಕಾಪುವಿಗೆ ಹೋದೆ. ಅಮ್ಮ ಅಂಗಳದಲ್ಲೇ ಕೂತುಬಿಟ್ಟಳು. ಮಳೆಗೆ ಮೊದಲು ಮುಡಿಗಳಿಗೆ ಹುಳ ಬೀಳದ ಹಾಗೆ ಹೊರಗಿನಿಂದ ಮದ್ದಿನ ಹುಡಿ ಉದುರಿಸಿದ್ದಳು. ಆ ವರ್ಷಗಳಲ್ಲಿ ಎಲ್ಲರೂ ಉದುರಿಸುತ್ತಿದ್ದರು. "ಅಕ್ಕಿಯನ್ನು ಮೂರು ಸಲ ತೊಳೀತೇವೆ ಮಗಾ. ಹುಲ್ಲನ್ನು ಯಾರು ತೊಳೀತಾರೆ? ಅದು ಹಾಸಿಗೆಯನ್ನೇ ತಿನ್ತದೆ ಅಂತ ನೀನು ಹೇಳ್ಲೇ ಇಲ್ವಲ್ಲ," ಎಂದಳು. ಹೌದು, ಹೇಳಿರಲಿಲ್ಲ. ಅಮ್ಮನ ಮೇಲೆ ಕೂಗಾಡಲೆಂದು ಹೋದವನು ಅವಳನ್ನೇ ಸಮಾಧಾನ ಮಾಡಿ, ಊಟ ಮಾಡದೆ ವಾಪಸ್ ಬಂದೆ.

ಕೆಂಚಿನದನ್ನು ಹಿತ್ತಲಿನ ಪೇರಳೆಮರದ ಬುಡದಲ್ಲಿ ಹೂತೆವು. ಕಪ್ಪಿನದು ಮತ್ತೆ ಗೋಣಿಗೆ ಬಂತು. ತೇವ, ಸೀನು, ಕಣ್ಣಲ್ಲಿ ಪಿಸುರು. ಹರಿವೆ ಸೊಪ್ಪನ್ನು ಮುಂದಿಟ್ಟರೂ ಮೂಸಿ ಸುಮ್ಮನಾಗುತ್ತಿತ್ತು. ಭಾವ ಬಂದು ಕೈಯಲ್ಲಿ ಎತ್ತಿ, ಎದೆಗೆ ಕಿವಿಯಿಟ್ಟು ಕೇಳಿದರು. "ಕೊಡಿ ಭಾವ. ಇನ್ನೂ ಕಷ್ಟ ಕೊಡುದು ಬೇಡ," ಎಂದರು. ಮಗಳು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅಳಲಿಲ್ಲ. "ಮಾವ ಬೇಡ, ನೀವೇ ಕೊಂಡುಹೋಗಿ ಅಪ್ಪ," ಎಂದಳು.

ಮರುದಿನ ಬೆಳಿಗ್ಗೆ ಅವಳು ತನ್ನ ಹಳೆಯ ಲಂಗವನ್ನು ಮಡಚಿ ಬೆತ್ತದ ಬುಟ್ಟಿಯಲ್ಲಿ ಹಾಸಿ, ಅದರ ಮೇಲೆ ಕಪ್ಪಿನದನ್ನು ಇಟ್ಟಳು. ನಾನು ಎಂದಿನ ಬಸ್ಸಿನಲ್ಲಿ ಮಣಿಪಾಲದ ಏರು ಹತ್ತಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಭಾವನ ಕೈಗೆ ಕೊಡುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಬುಟ್ಟಿಯನ್ನು ಕತ್ತರಿಸುವ ಯಂತ್ರದ ಪಕ್ಕದ ಮೇಜಿನಡಿ ಇಟ್ಟೆ. ಅವತ್ತು ಮೂರು ಜನರಿಗೆ ಬೈದೆ, ಯಾಕೆಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಗಂಟೆ ಹೊಡೆದಮೇಲೆ ಬಗ್ಗಿ ನೋಡಿದರೆ ಬುಟ್ಟಿಯ ಮುಚ್ಚಳ ಓರೆಯಾಗಿತ್ತು, ಒಳಗೆ ಲಂಗ ಮಾತ್ರ. ಮೊಣಕಾಲೂರಿ ಮೇಜಿನಡಿ, ಕಪಾಟಿನಡಿ ಹುಡುಕುತ್ತಿದ್ದೆ. "ಸರ್, ಇಲ್ಲಿ ಬನ್ನಿ. ಮೆಲ್ಲ," ಎಂದಿತು ಒಂದು ದನಿ. ಗೋದಲಿಯ ಅದೇ ಹಿರಿಯ ಬೈಂಡರ್.

ಯಂತ್ರದ ಹಿಂದೆ ಸೊಂಟದೆತ್ತರ ಬಿದ್ದಿದ್ದ ಬಿಳಿ ಎಳೆಗಳ ರಾಶಿಯ ಬುಡದಲ್ಲಿ ಒಂದು ಗೂಡು. ಅದರೊಳಗೆ ಕಪ್ಪು ಮೂಗು. ಕಪ್ಪಿನದು ಮೈಯನ್ನು ಚಪ್ಪಟೆ ಚೆಲ್ಲಿ, ಕಣ್ಣು ಮುಚ್ಚಿ ಮಲಗಿತ್ತು. ನಮ್ಮ ಮನೆಯಲ್ಲಿ ಒಂದು ದಿನವೂ ಅದು ಹಾಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ.

"ಇಲ್ಲಿಗೆ ಬಂದು ಎರಡು ಗಂಟೆ ಹೊತ್ತಾಯ್ತು ಸರ್. ನಾನು ಈ ಬದಿಗೆ ಕಾಗದ ಬೀಳದ ಹಾಗೆ ನೋಡಿಕೊಂಡೆ. ಮೊದಲು ನಾಲ್ಕೈದು ಸಲ ಸೀನಿತು. ಮತ್ತೆ ಇಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಆಮೇಲೆ ಎದ್ದು ಮ್ಯಾನೇಜರರ ಕೋಣೆಗೆ ಹೋದೆ. ಆರು ವಾರಗಳಿಂದ ನುಂಗಿಕೊಂಡಿದ್ದ ಆ ಒಂದು ಮಾತನ್ನು ಕಿವಿ ಬಿಸಿಯಾಗಿ, ತಡವರಿಸುತ್ತಾ ಕೇಳಿದೆ. ಅವರು ಬರೆಯುತ್ತಿದ್ದ ಕಾಗದದಿಂದ ತಲೆ ಎತ್ತಲಿಲ್ಲ. "ಅದಕ್ಕೆ ಕೇಳ್ಬೇಕಾ ಮಾರಾಯ್ರೆ? ರದ್ದಿಗೆ ಹೋಗುದಲ್ವಾ. ಬೇಕಾದಷ್ಟು ಕೊಂಡುಹೋಗಿ," ಎಂದರು. ಮುಗಿಯಿತು. ಅಷ್ಟೇ. ಹಣೆ ಚಚ್ಚಿಕೊಳ್ಳೋಣವೆಂದರೆ ಚಚ್ಚಿಕೊಳ್ಳಲು ಹಣೆಯೇ ಸಾಲದು ಎಂಬ ಹಾಗಾಯಿತು.

ಹಿರಿಯ ಬೈಂಡರ್ ಊಟ ಬಿಟ್ಟು ಚೀಲ ತುಂಬಿದರು. ಸುಮ್ಮನೆ ಬಾಚಿ ತುಂಬಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಅಚ್ಚಾದ ಎಳೆಗಳನ್ನೂ ಅಂಟು ಮೆತ್ತಿದ ಚೂರುಗಳನ್ನೂ ಒಂದೊಂದಾಗಿ ಹೆಕ್ಕಿ ಬೇರೆ ಹಾಕಿದರು. "ಅಂಟು ಇದ್ದದ್ದು ಬೇಡ ಸರ್. ಬಾಯಿಗೆ ಹಾಕೀತು," ಎಂದರು. ಆರು ವಾರಗಳಲ್ಲಿ ಅಷ್ಟು ಜನ ಬುದ್ಧಿ ಹೇಳಿದ್ದರಲ್ಲ, ಇದೊಂದನ್ನು ಯೋಚಿಸಿದವರು ಅವರೊಬ್ಬರೇ.

"ಆ ಕ್ರಿಸ್ಮಸ್ಸಿಗೆ..." ಎಂದು ನಾನು ಬಾಯಿ ತೆರೆದೆ.

"ಬೈಹುಲ್ಲು ಹಾಕಿದೆವು ಸರ್, ಚೆಂದ ಆಗಿತ್ತು," ಎಂದು ಅವರು ಚೀಲದ ಬಾಯಿ ಕಟ್ಟಿದರು. ನಾನು ಕ್ಷಮೆ ಕೇಳುವುದು ಅಲ್ಲಿಗೇ ನಿಂತಿತು. ಇವತ್ತಿಗೂ ಪೂರ್ತಿ ಕೇಳಿಲ್ಲ.

ಊಟದ ಹೊತ್ತು ಮುಗಿಯುವಾಗ ಭಾವ ಗೇಟಿಗೆ ಬಂದರು. ಕೊಡುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿ ನಡೆದುಬಿಟ್ಟರು.

ಸಂಜೆ ಮನೆಗೆ ಬಂದಾಗ ಮಗಳು ಚಾ ಪೆಟ್ಟಿಗೆಯನ್ನು ತೊಳೆದು, ಬೋರಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ನಾನು ಬುಟ್ಟಿಯನ್ನು ಅವಳ ಎದುರಿಗೆ ಇಟ್ಟೆ. ಮುಚ್ಚಳ ತೆಗೆದವಳು ಕಪ್ಪಿನದನ್ನು ಎತ್ತಿ ಕುತ್ತಿಗೆಗೆ ಒತ್ತಿಕೊಂಡಳು. ಹೆಂಡತಿ ಪೆಟ್ಟಿಗೆಯನ್ನು ಒರೆಸಿ ಚೀಲ ಬಿಚ್ಚಿದಳು. ಬಿಳಿ ಎಳೆಗಳು ಉಬ್ಬಿ ಹೊರಗೆ ಬಂದವು. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಮಗಳು ಒಂದು ಹಿಡಿ ಎಳೆ ತೆಗೆದು ಕೆನ್ನೆಗೆ ತಾಗಿಸಿ ನೋಡಿದಳು.

"ಇದು ಎಲ್ಲಿಂದ ಸಿಕ್ಕಿತು ಅಪ್ಪ?"

"ನಮ್ಮ ಪ್ರೆಸ್ಸಿನಲ್ಲಿ."

"ಅಲ್ಲಿ ಯಾವಾಗ್ಲೂ ಇರ್ತದಾ?"

"ಇರ್ತದೆ."

ಅವಳು ಹಿತ್ತಲ ಬಾಗಿಲ ಕಡೆ ನೋಡಿದಳು. ಹೊರಗೆ ಪೇರಳೆಮರದ ಮೇಲೆ ಮಳೆ ಸುರಿಯುತ್ತಿತ್ತು.

"ನಾವು ಅದನ್ನು ಹೂಳುವಾಗಲೂ ಇತ್ತಾ?"

ಇತ್ತು ಎಂದೆ.